ಹುಳದ ಮನೆ ಪಕ್ಕ ಎಣ್ಣೆ ಬಣ್ಣ

"ಅಕ್ಕಾ, ಆ ಬಾಟ್ಲಿ ಮುಚ್ಚಿಡಕ್ಕ. ಹುಳ ನಾಲ್ಕನೇ ಜ್ವರಕ್ಕೆ ಕೂತವೆ."

ಓರಗಿತ್ತಿ ಬಾಗಿಲಲ್ಲೇ ನಿಂತು ಇಷ್ಟು ಹೇಳಿ, ಹುಳದ ಮನೆಗೆ ಹೋದಳು. ನಾನು ಆಗಷ್ಟೇ ನಿವೃತ್ತಿಯಾಗಿ ಸುಗಟೂರಿನ ಅತ್ತೆಮನೆಗೆ ವಾಪಸು ಬಂದಿದ್ದೆ. ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮಕ್ಕಳಿಗೆ ಪೆನ್ಸಿಲು, ಕ್ರೇಯಾನು, ವಾಟರ್ ಕಲರು ಕಲಿಸುತ್ತಲೇ ಕಾಲ ಕಳೆಯಿತು. ಎಣ್ಣೆ ಬಣ್ಣದಲ್ಲಿ ಮನಸಾರೆ ಬಿಡಿಸಬೇಕೆಂಬ ಆಸೆ ಹಾಗೇ ಉಳಿದಿತ್ತು. ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆಯನ್ನು ಮೈದುನ ನನಗೆಂದು ಖಾಲಿ ಮಾಡಿಸಿ ಸುಣ್ಣ ಹೊಡೆಸಿಕೊಟ್ಟ. ಆ ಕೋಣೆಗೂ ಹುಳದ ಮನೆಗೂ ನಡುವೆ ಒಂದೇ ಗೋಡೆ. ಗೋಡೆಯ ಮೇಲೆ ಶೀಟಿನ ಕೆಳಗೆ ಒಂದು ಗೇಣು ಸಂದು.

ರೇಷ್ಮೆ ಸಾಕಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮೊಟ್ಟೆ ಒಡೆದು ಬಂದ ಹುಳ ಗೂಡು ಕಟ್ಟುವ ತನಕ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹುಳ ಇರುವಷ್ಟು ದಿನ ಆ ಮನೆಯೊಳಕ್ಕೆ ಬೀಡಿ ಸೇದಿ ಬಂದವರಿಗೆ ಪ್ರವೇಶವಿಲ್ಲ, ಹೊಗೆಸೊಪ್ಪು ಮುಟ್ಟಿದ ಕೈಗೆ ಕೆಲಸವಿಲ್ಲ. ಪಕ್ಕದ ಹೊಲದವರು ಟೊಮೆಟೊಗೆ ಔಷಧಿ ಹೊಡೆಯುತ್ತಿದ್ದರೆ, ಗಾಳಿ ಯಾವ ಕಡೆಗಿದೆ ಎಂದು ನೋಡಿ ಕಿಟಕಿಗೆ ಗೋಣಿತಾಟು ಕಟ್ಟುತ್ತಾರೆ. ಇಷ್ಟು ಜೋಪಾನ ಮಾಡುವ ಮನೆಯಲ್ಲಿ ನಾನು ಒಂದು ಲೋಟ ಟರ್ಪೆಂಟೈನನ್ನು ದಿನವಿಡೀ ಬಾಯಿ ತೆರೆದಿಟ್ಟುಕೊಂಡು ಕೂತಿದ್ದೆ.

ಆ ಸಲ ಬೆಳೆ ಕೆಡಲಿಲ್ಲ, ಗೂಡು ಚೆನ್ನಾಗಿಯೇ ಬಂತು. ಆದರೆ ಓರಗಿತ್ತಿಯ ಮಾತು ನನ್ನನ್ನು ಬಿಡಲಿಲ್ಲ. ಅಷ್ಟೊತ್ತಿಗೆ ಎರಡು ತಿಂಗಳಿಂದ ಸಂಜೆಯಾದರೆ ಹಣೆ ಕಟ್ಟಿ ಹಿಡಿದಂತೆ ನೋವು ಬರುತ್ತಿತ್ತು. ಬಲಗೈ ಬೆರಳ ಸಂದಿಗಳು ಕೆಂಪಗಾಗಿ ಬಿರಿದಿದ್ದವು. ವಯಸ್ಸಾಯಿತು, ಅದಕ್ಕೇ ಎಂದುಕೊಂಡಿದ್ದೆ. ಹುಳ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹತ್ತುವ ತನಕ ಬಾಟಲಿ ಮುಚ್ಚಿಟ್ಟೆ. ಹತ್ತು ದಿನದಲ್ಲಿ ತಲೆನೋವು ನಿಂತಿತು, ಬೆರಳು ಮಾಗಿದವು. ಗೋಡೆಯಾಚೆಯ ಹುಳಕ್ಕೆ ಆಗದ್ದು ಗೋಡೆಯೀಚೆ ಕೂತ ನನಗೆ ಹೇಗೆ ಆದೀತು ಎಂದು ಅವತ್ತು ಕೇಳಿಕೊಂಡೆ. ಆ ಬಾಟಲಿಯನ್ನು ಮತ್ತೆ ತೆರೆಯಲಿಲ್ಲ.

ಎಣ್ಣೆ ಬಣ್ಣ ಎಂದರೆ ವಿಷ, ಮನೆಯಲ್ಲಿ ಬೇಡ ಎಂದು ಎಷ್ಟೋ ಜನ ಹೆದರುತ್ತಾರೆ. ಹೆದರಬೇಕಾದ್ದು ಯಾವುದಕ್ಕೆ ಎಂದು ತಿಳಿದರೆ ಹೆದರಿಕೆ ಅರ್ಧ ಕಮ್ಮಿಯಾಗುತ್ತದೆ. ಟ್ಯೂಬಿನಲ್ಲಿರುವುದು ಮುಖ್ಯವಾಗಿ ಎರಡೇ ವಸ್ತು: ಬಣ್ಣದ ಪುಡಿ ಮತ್ತು ಅದನ್ನು ಅರೆದ ಎಣ್ಣೆ. ಎಣ್ಣೆ ಸಾಮಾನ್ಯವಾಗಿ ಅಗಸೆಯದು. ಧಾರವಾಡ, ವಿಜಯಪುರದ ಕಡೆ ಅಗಸಿ ಹಿಂಡಿ ಎಂದು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರಲ್ಲ, ಅದೇ ಬೀಜ. ಪುಡಿಯ ವಿಚಾರ ಆಮೇಲೆ ಹೇಳುತ್ತೇನೆ. ಉಸಿರಿಗೆ ನೇರವಾಗಿ ಹೋಗುವುದು ಈ ಎರಡೂ ಅಲ್ಲದ ಮೂರನೆಯದು. ಬಣ್ಣ ತೆಳು ಮಾಡಲು, ಬ್ರಷ್ ತೊಳೆಯಲು ನಾವು ಪಕ್ಕದಲ್ಲಿಟ್ಟುಕೊಳ್ಳುವ ದ್ರವ ಅದು.

ಟರ್ಪೆಂಟೈನ್ ಪೈನ್ ಮರದ ಅಂಟಿನಿಂದ ಬಟ್ಟಿ ಇಳಿಸಿದ್ದು. ಮರದಿಂದ ಬಂದದ್ದು, ಆದ್ದರಿಂದ ಸಾಧು ಎಂದು ನಂಬುವವರಿದ್ದಾರೆ. ಆದರೆ ಅದು ಚರ್ಮಕ್ಕೆ ಅಲರ್ಜಿ ತರುವುದು ಬಣ್ಣದ ಕೆಲಸದವರಿಗೆಲ್ಲ ಹಳೆಯ ಅನುಭವ. ಅದರ ಆವಿ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಮೇಲಕ್ಕೆ ಹೋಗದೆ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಈಸಲ್ ಮುಂದೆ ನಿಂತು ಬಿಡಿಸುವವರಿಗಿಂತ, ನನ್ನ ಹಾಗೆ ಚಾಪೆ ಹಾಸಿ ಮಣೆಯ ಮೇಲೆ ಕೂತು ಬಿಡಿಸುವವರ ಮೂಗಿಗೆ ಅದು ಹತ್ತಿರ. ಅಂಬೆಗಾಲಿಡುವ ಮಗುವಿಗೆ ಇನ್ನೂ ಹತ್ತಿರ. ಸುಮಾರು 35 ಡಿಗ್ರಿ ಬಿಸಿಯಲ್ಲಿ ಆ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಏಪ್ರಿಲ್ ಮಧ್ಯಾಹ್ನ ಕೋಲಾರದಲ್ಲಿ ಶೀಟಿನ ಮನೆಯೊಳಗೆ ಎಷ್ಟು ಬಿಸಿ ಇರುತ್ತದೆ ಎಂದು ಇಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಟರ್ಪೆಂಟೈನ್ ಎಂದು ಕೇಳಿದರೆ ಕೊಡುವುದು ಬಹುಮಟ್ಟಿಗೆ ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಟರ್ಪೆಂಟೈನ್. ಡೆನ್ಮಾರ್ಕ್, ಸ್ವೀಡನ್ ದೇಶಗಳಲ್ಲಿ 1970ರ ದಶಕದಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ, ವರ್ಷಗಟ್ಟಲೆ ಇಂಥ ದ್ರವಗಳ ಆವಿ ಕುಡಿದವರಲ್ಲಿ ಮರೆವು, ಸುಸ್ತು, ಗಮನ ನಿಲ್ಲದಿರುವುದು ಕಂಡುಬಂತು. ಮಿದುಳಿಗೂ ನರಕ್ಕೂ ಆದ ಆ ಕಾಯಿಲೆಗೆ ಪೇಂಟರುಗಳ ಕಾಯಿಲೆ ಎಂದೇ ಹೆಸರು ಬಿತ್ತು. ಥಿನ್ನರ್ ಇದಕ್ಕಿಂತ ಕಟು, ಅದರಲ್ಲಿ ಟಾಲ್ಯೂಯಿನ್‌ನಂಥ ವಸ್ತುಗಳಿರುತ್ತವೆ. ಸೀಮೆಎಣ್ಣೆ ಅಗ್ಗಕ್ಕೆ ಸಿಗುತ್ತದೆಂದು ಅದರಲ್ಲೇ ಬ್ರಷ್ ಅದ್ದುವವರನ್ನೂ ನೋಡಿದ್ದೇನೆ. ಇನ್ನೊಂದು ಮೋಸ, ವಾಸನೆ ಇಲ್ಲದ್ದು ಎಂದು ಚೀಟಿ ಹಚ್ಚಿದ ಬಾಟಲಿ. ಅದರಲ್ಲಿ ಕಟುವಾದ ಕೆಲವು ಅಂಶ ತೆಗೆದಿರುವುದು ನಿಜ. ಆದರೆ ಆವಿ ಏಳುವುದು ನಿಂತಿರುವುದಿಲ್ಲ. ಮೂಗು ಎಚ್ಚರಿಸುವುದು ಮಾತ್ರ ನಿಲ್ಲುತ್ತದೆ, ಕಿಟಕಿ ತೆರೆಯಬೇಕೆಂಬ ನೆನಪೂ ಆಗುವುದಿಲ್ಲ.

ನೀಲಗಿರಿ ಎಣ್ಣೆ ಹಾಕಬಹುದಲ್ಲ ಎಂದು ನಮ್ಮ ಊರಲ್ಲೇ ಒಬ್ಬರು ಕೇಳಿದರು. ಕೋಲಾರ ಜಿಲ್ಲೆಯಲ್ಲಿ ನೀಲಗಿರಿ ತೋಪಿಗೇನು ಕೊರತೆ. ಬಣ್ಣವನ್ನು ಅದು ಕರಗಿಸುವುದೂ ಹೌದು. ಆದರೆ ಚಿಕ್ಕ ಮಗು ಒಂದು ಚಮಚ ನುಂಗಿದರೂ ಫಿಟ್ಸ್ ಬಂದು ಪ್ರಾಣಕ್ಕೆ ಕುತ್ತಾಗಬಹುದಾದ ಎಣ್ಣೆ ಅದು. ಕಿತ್ತಳೆ ಸಿಪ್ಪೆಯ ದ್ರಾವಕವೂ ಗಾಳಿಗೆ ಬಿಟ್ಟು ಹಳತಾದರೆ ಚರ್ಮಕ್ಕೆ ಆಗದು. ಒಂದು ಆವಿಯ ಜಾಗಕ್ಕೆ ಇನ್ನೊಂದು ಆವಿ ತರುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ಹಾಗಾದರೆ ಈ ದ್ರವವೇ ಇಲ್ಲದೆ ಎಣ್ಣೆ ಬಣ್ಣ ಬಳಿಯಲು ಆಗುತ್ತದೆಯೇ? ಆಗುತ್ತದೆ. ಎಣ್ಣೆ ಬಣ್ಣಕ್ಕೆ ಅತ್ಯಗತ್ಯವಾದದ್ದು ಎಣ್ಣೆ ಒಂದೇ. ಅಫ್ಘಾನಿಸ್ತಾನದ ಬಾಮಿಯಾನದಲ್ಲಿ 2001ರಲ್ಲಿ ತಾಲಿಬಾನಿಗಳು ಒಡೆದುಹಾಕಿದ ಬುದ್ಧನ ವಿಗ್ರಹಗಳ ಹಿಂದಿನ ಗುಹೆಗಳಲ್ಲಿ ಗೋಡೆ ಚಿತ್ರಗಳಿವೆ. ಅವುಗಳ ಬಣ್ಣದ ಕಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಏಳನೇ ಶತಮಾನದ ಸುಮಾರಿಗೆ ಬಿಡಿಸಿದ ಕೆಲವು ಚಿತ್ರಗಳಲ್ಲಿ ಒಣಗುವ ಎಣ್ಣೆ ಬಳಸಿದ್ದಾರೆಂದು 2008ರಲ್ಲಿ ತಿಳಿಸಿದರು. ಅಕ್ರೋಟ್ ಅಥವಾ ಗಸಗಸೆ ಎಣ್ಣೆ ಇರಬಹುದು ಎಂದರು. ಯುರೋಪಿನಲ್ಲಿ ತೈಲಚಿತ್ರ ಹೆಸರಾಗುವುದಕ್ಕೆ ನೂರಾರು ವರ್ಷ ಮುಂಚೆ, ನಮ್ಮ ಏಷ್ಯಾದ ಗುಹೆಯೊಂದರಲ್ಲಿ ಯಾರೋ ಎಣ್ಣೆಯಲ್ಲಿ ಬಣ್ಣ ಅರೆದು ಬುದ್ಧನನ್ನು ಬಿಡಿಸಿದ್ದರು. ಇದನ್ನು ಓದಿದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ.

ನಾನು ಮೊದಲು ಮಾಡಿದ ಕೆಲಸ ಅಡುಗೆಮನೆಯದೇ. ಒಂದು ಹಳೆಯ ಕಿಟಕಿ ಗಾಜು ತೊಳೆದು, ಅದರ ಮೇಲೆ ನಾಲ್ಕು ಎಣ್ಣೆಗಳನ್ನು ಬೆರಳಷ್ಟಗಲ ತೆಳ್ಳಗೆ ಸವರಿದೆ. ಅಗಸೆ, ಕುಸುಬೆ, ಹುಚ್ಚೆಳ್ಳು, ಕಡ್ಲೆಕಾಯಿ. ಹುಚ್ಚೆಳ್ಳು ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಹಾಕುತ್ತಿದ್ದ ಬೆಳೆ. ಅದರ ಎಣ್ಣೆ ಒಣಗಿಬಿಟ್ಟರೆ ಎಷ್ಟು ಚೆನ್ನ ಎಂಬ ಆಸೆ ನನಗೆ. ಗಾಜನ್ನು ಧೂಳು ಬೀಳದ ಹಾಗೆ ಬೀರುವಿನ ಮೇಲಿಟ್ಟು ದಿನಾ ಬೆಳಿಗ್ಗೆ ಬೆರಳ ತುದಿಯಿಂದ ಮುಟ್ಟಿ ನೋಡಿದೆ. ಅಗಸೆ ಎಣ್ಣೆ ವಾರದೊಳಗೆ ಹಾಲಿನ ಕೆನೆಯ ಹಾಗೆ ಪದರ ಕಟ್ಟಿತು. ಕುಸುಬೆ ಎರಡು ವಾರ ದಾಟಿಸಿತು. ಹುಚ್ಚೆಳ್ಳು ತಿಂಗಳಾದರೂ ಬೆರಳಿಗೆ ಅಂಟುತ್ತಿತ್ತು. ಕಡ್ಲೆಕಾಯಿ ಎಣ್ಣೆ ಹಚ್ಚಿದ ದಿನ ಹೇಗಿತ್ತೋ ಹಾಗೇ ಇತ್ತು, ಇವತ್ತಿಗೂ ಹಾಗೇ ಇದೆ.

ಒಣಗುವುದು ಎಂದು ನಾವು ಹೇಳುವ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಬಟ್ಟೆ ಒಣಗುವುದು ನೀರು ಹಾರಿಹೋಗಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ತನ್ನೊಳಗಿನ ಕಣಗಳನ್ನು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಹಾಗಾಗುವಾಗ ಅದರ ತೂಕ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತದೆ. ಹೆಣೆದುಕೊಳ್ಳಲು ಬೇಕಾದ ಬಂಧಗಳು ಅಗಸೆಯಲ್ಲಿ ಹೇರಳ, ಕಡ್ಲೆಕಾಯಿಯಲ್ಲಿ ಕಮ್ಮಿ. ಇದು ತಿಳಿದರೆ ಯಾವ ಎಣ್ಣೆ ಚಿತ್ರಕ್ಕೆ, ಯಾವುದು ಬ್ರಷ್ ತೊಳೆಯಲು ಎಂಬುದು ತಾನಾಗಿ ಗೊತ್ತಾಗುತ್ತದೆ. ಬಿಳಿ, ತಿಳಿನೀಲಿಯಂಥ ಬಣ್ಣಕ್ಕೆ ಕುಸುಬೆ ಎಣ್ಣೆ ಒಳ್ಳೆಯದು. ಅಗಸೆಯಷ್ಟು ಹಳದಿಗೆ ತಿರುಗುವುದಿಲ್ಲ.

ಎಣ್ಣೆ ಕೊಳ್ಳುವಾಗ ಎಚ್ಚರ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಎಂದು ಮಾರುವ ಅಗಸೆ ಎಣ್ಣೆ ಬಾಗಿಲು, ಕಿಟಕಿಗೆ ಬಳಿಯಲಿಕ್ಕೆ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಚಿತ್ರಕ್ಕೆ ಅದು ಬೇಡ, ಕೈಗೂ ಬೇಡ. ಔಷಧಿ ಅಂಗಡಿಯ ತಿನ್ನುವ ಅಗಸೆ ಎಣ್ಣೆಗೆ ಕೆಡದಿರಲೆಂದು ವಿಟಮಿನ್ ಇ ಹಾಕಿದ್ದರೆ ಅದು ಸರಿಯಾಗಿ ಒಣಗುವುದಿಲ್ಲ. ಆರ್ಟ್ ಅಂಗಡಿಯ ಶುದ್ಧ ಎಣ್ಣೆ ಕೊಂಡರೆ ಸಾಕು. ನಾನು ಮಾತ್ರ ಹುಬ್ಬಳ್ಳಿ ಕಡೆಯ ಗಾಣದಿಂದ ಎರಡು ಲೀಟರ್ ತರಿಸಿದೆ. ಗಾಣದ ಎಣ್ಣೆಯಲ್ಲಿ ಬೀಜದ ಲೋಳೆ ಉಳಿದಿರುತ್ತದೆ. ಅದನ್ನು ತೆಗೆಯುವ ಹಳೆಯ ವಿಧಾನ ನೀರು ಮತ್ತು ಮರಳು. ದೊಡ್ಡ ಗಾಜಿನ ಜಾಡಿಯಲ್ಲಿ ಒಂದು ಪಾಲು ಎಣ್ಣೆ, ಒಂದು ಪಾಲು ನೀರು, ಎರಡು ಹಿಡಿ ತೊಳೆದ ಮರಳು ಹಾಕಿ ಕುಲುಕಿ ಬಿಟ್ಟೆ. ಮಾರನೇ ದಿನ ಎಣ್ಣೆಗೂ ನೀರಿಗೂ ನಡುವೆ ಗಂಜಿಯಂಥ ಬಿಳಿ ಪದರ ನಿಂತಿತ್ತು. ಮೇಲಿನ ಎಣ್ಣೆ ಬಸಿದು, ಮತ್ತೆ ಹೊಸ ನೀರು. ಆ ಬಿಳಿ ಪದರ ಬರುವುದು ನಿಲ್ಲುವ ತನಕ ಹೀಗೇ ಮಾಡಿ, ಆಮೇಲೆ ಜಾಡಿಯ ಬಾಯಿಗೆ ತೆಳುಬಟ್ಟೆ ಕಟ್ಟಿ ತಾರಸಿಯ ಬಿಸಿಲಿಗಿಟ್ಟೆ. ಹಿಪ್ಪೆಎಣ್ಣೆಯಂತೆ ಕಂದಿದ್ದದ್ದು ಮಾರ್ಚ್ ಮುಗಿಯುವುದರೊಳಗೆ ಎಳೆ ಜೇನಿನ ಬಣ್ಣಕ್ಕೆ ಬಂತು, ಸ್ವಲ್ಪ ಮಂದವೂ ಆಯಿತು. ಕೋಲಾರದ ಬಿಸಿಲು ಬೈಸಿಕೊಳ್ಳುವುದೇ ಜಾಸ್ತಿ. ನನ್ನ ಜಾಡಿಗೆ ಅದು ಮಾಡಿಕೊಟ್ಟ ಉಪಕಾರ ದೊಡ್ಡದು.

ಬಿಡಿಸುವ ಕ್ರಮ ಸ್ವಲ್ಪ ಬದಲಾಗುತ್ತದೆ. ಟರ್ಪೆಂಟೈನ್ ಇದ್ದಾಗ ಮೊದಲ ಪದರವನ್ನು ನೀರಿನಂತೆ ತೆಳು ಮಾಡಿ ಹರಡುತ್ತಿದ್ದೆ. ಈಗ ಟ್ಯೂಬಿನ ಬಣ್ಣವನ್ನು ಹಾಗೇ ತೆಗೆದು, ಗಡುಸಾದ ಬ್ರಷ್‌ನಿಂದ ಕ್ಯಾನ್ವಾಸಿಗೆ ಉಜ್ಜಿ, ಹಳೆಯ ಪಂಚೆ ಬಟ್ಟೆಯಿಂದ ಒರೆಸುತ್ತೇನೆ. ಉಳಿಯುವುದು ತೆಳುವಾದ ಬಣ್ಣದ ಛಾಯೆ. ಅದು ಒಣಗಿದ ಮೇಲೆ ಹಾಕುವ ಪದರಕ್ಕೆ ಬಟಾಣಿ ಗಾತ್ರದ ಬಣ್ಣಕ್ಕೆ ಒಂದು ಹನಿ ಎಣ್ಣೆ, ಅದರ ಮೇಲಿನದಕ್ಕೆ ಇನ್ನೊಂದು ಹನಿ. ಕೆಳಗೆ ಜಿಡ್ಡು ಕಮ್ಮಿ, ಮೇಲೆ ಜಿಡ್ಡು ಜಾಸ್ತಿ ಎಂಬ ಹಳೆಯ ನಿಯಮ ತಪ್ಪಿದರೆ ಮುಂದೆ ಚಿತ್ರ ಬಿರುಕು ಬಿಡುತ್ತದೆ. ಅವಸರವಿದ್ದವರು ಕೆಳಪದರವನ್ನು ಅಕ್ರಿಲಿಕ್‌ನಲ್ಲಿ ಹಾಕಿ ಮೇಲೆ ಎಣ್ಣೆ ಬಣ್ಣ ಬಳಿಯಬಹುದು. ಎಣ್ಣೆಯ ಮೇಲೆ ಅಕ್ರಿಲಿಕ್ ಮಾತ್ರ ಯಾವತ್ತೂ ಬೇಡ, ಸಿಪ್ಪೆಯಂತೆ ಎದ್ದುಬರುತ್ತದೆ. 1990ರ ದಶಕದಿಂದ ನೀರಿನಲ್ಲೇ ಬೆರೆಯುವ ಎಣ್ಣೆ ಬಣ್ಣಗಳೂ ಮಾರುಕಟ್ಟೆಗೆ ಬಂದಿವೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ, ಬೆಲೆ ಹೆಚ್ಚು. ಸಣ್ಣ ಫ್ಲ್ಯಾಟಿನಲ್ಲಿ ಮಕ್ಕಳಿಟ್ಟುಕೊಂಡು ಬಿಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಸ್ಕೆಚ್ಚಿಗೆ ನಾನು ಬಳಸುವುದು ಹುಣಸೆ ಕಡ್ಡಿಯ ಇದ್ದಿಲು. ಮೈಸೂರು ಶೈಲಿಯ ಚಿತ್ರಗಾರರು ನೆಟ್ಟಗಿನ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು ಮಾಡಿಕೊಳ್ಳುತ್ತಿದ್ದ ಇದ್ದಿಲು ಅದು. ನಮ್ಮ ಹಿತ್ತಿಲಲ್ಲಿ ಹುಣಸೆ ಮರವಿದೆ, ಒಲೆಯಿದೆ, ಇನ್ನೇನು ಬೇಕು. ಆದರೆ ಹಿಂದಿನವರು ಬಳಸಿದ್ದೆಲ್ಲ ಒಳ್ಳೆಯದು ಎಂದು ಕಣ್ಣು ಮುಚ್ಚಿ ನಂಬಬಾರದು. ಅದೇ ಮೈಸೂರು ಚಿತ್ರಗಳ ಚಿನ್ನದ ಕೆಲಸದ ಕೆಳಗೆ ಹಾಕುತ್ತಿದ್ದ ಸಫೇದದಲ್ಲಿ ಸೀಸ ಇರುತ್ತಿತ್ತು. ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸವಿದೆ, ಹಳದಿ ಬಣ್ಣದ ಹರಿದಳದಲ್ಲಿ ಆರ್ಸೆನಿಕ್ ಇದೆ. ಮೂರೂ ಮಣ್ಣಿನಿಂದ, ಕಲ್ಲಿನಿಂದ ಬಂದವೇ.

ಬ್ರಷ್ ತೊಳೆಯುವುದು ಹೇಗೆ ಎಂದೇ ಎಲ್ಲರೂ ಕೇಳುತ್ತಾರೆ. ಟರ್ಪೆಂಟೈನ್ ಬಿಡಲು ಹಿಂಜರಿಯುವುದೂ ಇದೊಂದು ಕಾರಣಕ್ಕೆ. ಹಾಗಾಗಿ ನಾನು ದಿನಾ ಸಂಜೆ ಮಾಡುವುದನ್ನು ಹಾಗೇ ಹೇಳುತ್ತೇನೆ. ಮೊದಲು ಹಳೆಯ ಪೇಪರಿನ ಮಡಿಕೆಯಲ್ಲಿ ಬ್ರಷ್ ಹಿಡಿದು, ಬುಡದಿಂದ ತುದಿಗೆ ಹಿಂಡಿ ಎಳೆಯುತ್ತೇನೆ. ಜಾಗ ಬದಲಿಸಿ ಮತ್ತೆ ಎಳೆಯುತ್ತೇನೆ. ಐದಾರು ಸಲ ಎಳೆದರೆ ಬಣ್ಣದ ಮುಕ್ಕಾಲು ಪಾಲು ಅಲ್ಲೇ ಹೋಗುತ್ತದೆ. ಆಮೇಲೆ ತಟ್ಟೆಯಲ್ಲಿ ಒಂದು ಚಮಚ ಕಡ್ಲೆಕಾಯಿ ಎಣ್ಣೆ ಹಾಕಿಕೊಂಡು, ಬ್ರಷ್ ಅದ್ದಿ ತಟ್ಟೆಗೆ ಒತ್ತಿ ಆಡಿಸುತ್ತೇನೆ. ಕೂದಲ ಬುಡದಲ್ಲಿ, ತಗಡಿನ ಪಟ್ಟಿಯೊಳಗೆ ಅಡಗಿಕೊಂಡ ಬಣ್ಣ ಎಣ್ಣೆಗೆ ಇಳಿದು ಬರುತ್ತದೆ. ಮತ್ತೆ ಪೇಪರಿನಲ್ಲಿ ಹಿಂಡುತ್ತೇನೆ. ಕೊನೆಗೆ ಬಟ್ಟೆ ಸೋಪಿನ ಬಿಲ್ಲೆ. ಒದ್ದೆ ಮಾಡಿದ ಬಿಲ್ಲೆಯ ಮೇಲೆ ಬ್ರಷ್ ಉಜ್ಜಿ, ಪ್ಲಾಸ್ಟಿಕ್ ಮುಚ್ಚಳದ ಒಳಮೈಗೆ ತಿಕ್ಕಿ ನೊರೆ ಬರಿಸುತ್ತೇನೆ. ಅಂಗೈಯಲ್ಲಿ ತಿಕ್ಕುವ ಅಭ್ಯಾಸ ಬಿಟ್ಟಿದ್ದೇನೆ, ಬಣ್ಣ ಚರ್ಮಕ್ಕೇಕೆ. ಮೊದಲ ನೊರೆ ಬಣ್ಣಬಣ್ಣ, ಮೂರನೆಯದೋ ನಾಲ್ಕನೆಯದೋ ಬೆಳ್ಳಗೆ ಬರುತ್ತದೆ. ಕಡ್ಲೆಕಾಯಿ ಎಣ್ಣೆಯ ಜಿಡ್ಡು ಉಳಿದರೆ ಮಾರನೇ ದಿನ ಚಿತ್ರದ ಬಣ್ಣ ಒಣಗಲು ಬಿಡದು, ಆದ್ದರಿಂದ ನೊರೆ ಬೆಳ್ಳಗಾಗುವ ತನಕ ಬಿಡುವಂತಿಲ್ಲ. ಮೃದು ಕೂದಲ ಬ್ರಷ್‌ಗಳಿಗೆ ಅಂಟುವಾಳ ನೆನೆಸಿದ ನೀರು ನನಗೆ ಸೋಪಿಗಿಂತ ಚೆನ್ನಾಗಿ ಕೆಲಸ ಮಾಡಿದೆ. ತುದಿ ಬೆರಳಲ್ಲಿ ನೇವರಿಸಿ ಚೂಪು ಮಾಡಿ ನೆರಳಲ್ಲಿ ಅಡ್ಡಲಾಗಿ ಒಣಗಿಸಿದರೆ ಆಯಿತು. ಎಂಟು ಬ್ರಷ್‌ಗೆ ಕಾಲು ಗಂಟೆ. ಮಾರನೇ ದಿನವೂ ಅದೇ ಬಣ್ಣ ಬೇಕಿದ್ದರೆ ತೊಳೆಯುವುದೂ ಇಲ್ಲ, ಕುಸುಬೆ ಎಣ್ಣೆಯಲ್ಲಿ ಅದ್ದಿ ಮಲಗಿಸುತ್ತೇನೆ.

ಇನ್ನು ಬಟ್ಟೆ ಚೂರಿನ ವಿಷಯ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಬಿಡುತ್ತದೆ. ಕ್ಯಾನ್ವಾಸಿನ ಮೇಲೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಮುದ್ದೆಯ ಒಳಗೆ ಶಾಖ ಕೂಡಿಕೊಂಡು, ಬೆಂಕಿಕಡ್ಡಿ ಇಲ್ಲದೆ ತಾನೇ ಹೊತ್ತಿಕೊಳ್ಳಬಲ್ಲದು. ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡ 1991ರ ಫೆಬ್ರವರಿ 23ರಂದು ಹೊತ್ತಿ ಉರಿದದ್ದು, 22ನೇ ಮಹಡಿಯಲ್ಲಿ ಮರಗೆಲಸದವರು ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ನನ್ನ ಕೋಣೆಯಲ್ಲೂ ಒಂದು ದಿನ ಡಬ್ಬದ ಮುಚ್ಚಳ ತೆಗೆದಾಗ ಕಮಟು ಎಣ್ಣೆ ಕಾಯಿಸಿದಂಥ ವಾಸನೆ ಬಂತು. ಕೈ ಹಾಕಿದರೆ ಬಟ್ಟೆ ಮುದ್ದೆ ಬಿಸಿ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಅವತ್ತು ಎದೆ ಧಸಕ್ಕೆಂದಿತು. ಆಚೆ ಗೋಡೆಗೆ ಒಣಗಿದ ಸೊಪ್ಪಿನ ಕಡ್ಡಿ, ಬಿದಿರ ಚಂದ್ರಿಕೆಗಳನ್ನು ಒರಗಿಸಿಟ್ಟಿದ್ದರು. ಈಗ ಎಣ್ಣೆ ಬಟ್ಟೆ, ಎಣ್ಣೆ ಪೇಪರು ಎಲ್ಲವನ್ನೂ ಆ ಸಂಜೆಯೇ ನೀರಲ್ಲಿ ಅದ್ದಿ, ಅಂಗಳದ ತಂತಿಯ ಮೇಲೆ ಒಂದೊಂದೇ ಹರಡುತ್ತೇನೆ. ಬಟ್ಟೆ ತಗಡಿನಂತೆ ಗಟ್ಟಿಯಾದ ಮೇಲೆ ಅಪಾಯವಿಲ್ಲ. ಟರ್ಪೆಂಟೈನ್ ಬಿಟ್ಟೆ, ಇನ್ನು ಚಿಂತೆಯಿಲ್ಲ ಎಂದು ಯಾರೂ ಇದನ್ನು ಮರೆಯಬಾರದು.

ಬಣ್ಣದ ಪುಡಿಗೆ ಬರುತ್ತೇನೆ. ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲೇ, ಚಿತ್ರಗಾರರು ಮೇಲಿಂದ ಮೇಲೆ ಕಾಯಿಲೆ ಬೀಳುವುದಕ್ಕೆ ಅವರ ಬಣ್ಣಗಳೇ ಕಾರಣ ಎಂದಿದ್ದ. ಬ್ರೆಜಿಲ್‌ನ ದೊಡ್ಡ ಚಿತ್ರಕಾರ ಕಾಂಡಿಡೊ ಪೋರ್ಟಿನಾರಿ 1962ರಲ್ಲಿ ತೀರಿಕೊಂಡದ್ದು ತನ್ನ ಬಣ್ಣಗಳ ಸೀಸ ಮೈಗೇರಿ. ನಮ್ಮ ದೇಶದಲ್ಲಿ ಸೀಸದ ವಿಷಯ ಜನರ ಕಿವಿಗೆ ಬಿದ್ದದ್ದರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಅವರ ಪಾಲು ದೊಡ್ಡದು. 1990ರ ದಶಕದ ಕೊನೆಯಲ್ಲಿ ಅವರು ಮತ್ತು ಜಾರ್ಜ್ ಫೌಂಡೇಶನ್‌ನವರು ಏಳು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧದಷ್ಟು ಮಕ್ಕಳಲ್ಲಿ ಸೀಸ ಇರಬಾರದ ಮಟ್ಟದಲ್ಲಿತ್ತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ.

ಚಿತ್ರದ ಟ್ಯೂಬ್ ಕೊಳ್ಳುವಾಗ ಹೆಸರು ನೋಡಬೇಡಿ, ಸಣ್ಣಕ್ಷರದ ಸಂಖ್ಯೆ ನೋಡಿ. ಪಿ.ಡಬ್ಲ್ಯು. 1 ಎಂದರೆ ಸೀಸದ ಬಿಳಿ, ಪಿ.ಡಬ್ಲ್ಯು. 6 ಎಂದರೆ ಟೈಟಾನಿಯಂ ಬಿಳಿ, ಮನೆಗೆ ಎರಡನೆಯದು ಸಾಕು. ಪಿ.ವೈ. 34 ಕ್ರೋಮ್ ಹಳದಿ, ಅದರಲ್ಲಿ ಸೀಸವೂ ಇದೆ ಕ್ರೋಮಿಯಂ ಕೂಡ ಇದೆ. ಪಿ.ವೈ. 35, ಪಿ.ಆರ್. 108 ಕ್ಯಾಡ್ಮಿಯಂ ಬಣ್ಣಗಳು. ಕ್ಯಾಡ್ಮಿಯಂ ಹೆಸರಿನ ಮುಂದೆ ಹ್ಯೂ ಎಂದಿದ್ದರೆ ಅದು ಬೇರೆ ಪುಡಿಯಿಂದ ಮಾಡಿದ ಬದಲಿ ಬಣ್ಣ. ಸಂಖ್ಯೆ ಹಾಕಿರದ ಟ್ಯೂಬನ್ನು ನಾನು ಕೊಳ್ಳುವುದೇ ಇಲ್ಲ. ಪಿ.ಆರ್. 101, ಪಿ.ವೈ. 43 ಕಬ್ಬಿಣದ ಕೆಂಪು, ಹಳದಿ ಬಣ್ಣಗಳು. ನಮ್ಮ ಜಾಜು ಮತ್ತು ಗೋಪಿಯ ಬಂಧುಗಳು. ಅವಕ್ಕೆ ಅಲ್ಟ್ರಾಮರೀನ್ ನೀಲಿ, ಟೈಟಾನಿಯಂ ಬಿಳಿ ಸೇರಿಸಿಕೊಂಡರೆ ಸುಗಟೂರಿನ ಹೊಲ, ಬಂಡೆ, ಬೈಗಿನ ಆಕಾಶ ಎಲ್ಲ ಬರುತ್ತದೆ. ಒಣ ಪುಡಿ ತಂದು ಮನೆಯಲ್ಲಿ ಅರೆಯುವ ಸಾಹಸ ಬೇಡ, ಉಸಿರಿಗೆ ಹೋಗುವುದು ಪುಡಿಯೇ. ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡುವುದು, ಬಿಡಿಸುತ್ತ ಬೋಂಡ ತಿನ್ನುವುದು ಇವೆರಡೂ ಬಿಡಬೇಕು. ಟರ್ಪೆಂಟೈನ್ ಇಲ್ಲದಿದ್ದರೂ ಕಿಟಕಿ ತೆರೆದೇ ಇರಲಿ, ಒಣಗುವ ಎಣ್ಣೆಯ ಕಮಟು ವಾಸನೆಯೂ ಮುಚ್ಚಿದ ಕೋಣೆಯಲ್ಲಿ ಹಿತವಲ್ಲ. ವಾರ್ನಿಷ್‌ಗೆ ದ್ರಾವಕ ಬೇಕೇ ಬೇಕೆಂದಾದರೆ ಅದೊಂದನ್ನು ಅಂಗಳದಲ್ಲಿ ಮಾಡಿ. ಚಿತ್ರ ಪೂರ್ತಿ ಗಟ್ಟಿಯಾಗಲು ಆರು ತಿಂಗಳಿಂದ ವರ್ಷ ಬೇಕು, ಅಷ್ಟರಲ್ಲಿ ಒಳ್ಳೆಯ ದಿನ ಸಿಕ್ಕೇ ಸಿಗುತ್ತದೆ.

ತೊಳೆದ ನೀರನ್ನು ಎಲ್ಲಿ ಚೆಲ್ಲುವುದು ಎಂಬುದು ಕೋಲಾರದವರಿಗೆ ಸಣ್ಣ ಪ್ರಶ್ನೆಯಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಬೋರ್‌ವೆಲ್ ನೋಡಿದವರು ನಾವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಬೇಕೆಂದು ಜನ ಕೇಳುತ್ತಲೇ ಇದ್ದಾರೆ. ಆಚೆ ಕೆಜಿಎಫ್‌ನಲ್ಲಿ ಗಣಿ ಮುಚ್ಚಿದ್ದು 2001ರಲ್ಲಿ, ಸೈನೈಡ್ ದಿಬ್ಬಗಳು ಇನ್ನೂ ನಿಂತಿವೆ. ಇಂಥ ನೆಲದಲ್ಲಿ ಒಂದು ಲೋಟ ಟರ್ಪೆಂಟೈನನ್ನು ಬಚ್ಚಲಿಗೆ ಸುರಿಯಲು ನನಗೆ ಮನಸ್ಸು ಬಾರದು. ಸೋಪಿನ ನೀರನ್ನು ಬಕೆಟಿನಲ್ಲಿ ಎರಡು ದಿನ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ತಿಳಿ ಬಸಿದು ಗಸಿಯನ್ನು ಪೇಪರಿಗೆ ಸುರಿದು ಒಣಗಿಸುತ್ತೇನೆ. ಒಣಗಿದ್ದನ್ನು ಒಲೆಗೆ ಹಾಕುವುದಿಲ್ಲ. ಡಬ್ಬದಲ್ಲಿ ಕೂಡಿಟ್ಟು, ಬೆಂಗಳೂರಿನ ಮಗಳ ಮನೆಗೆ ಹೋದಾಗ ಅಲ್ಲಿ ಬೇರೆಯಾಗಿ ಒಯ್ಯುವ ಅಪಾಯಕಾರಿ ಕಸದ ಜತೆ ಕೊಡುತ್ತೇನೆ. ವರ್ಷಕ್ಕೆ ಒಂದು ಸಣ್ಣ ಡಬ್ಬ ತುಂಬುತ್ತದೆ.

ನನ್ನ ಮನಸ್ಸಿಗೆ ಈಗಲೂ ಚುಚ್ಚುವುದು ಬೇರೊಂದು. ಶಾಲೆಯಲ್ಲಿದ್ದಾಗ ಸ್ವಾತಂತ್ರ್ಯ ದಿನಕ್ಕೆ ಮುಂಚೆ ಮಕ್ಕಳನ್ನು ಸೇರಿಸಿಕೊಂಡು ಗೋಡೆಯ ಮೇಲೆ ಎನಾಮೆಲ್ ಬಣ್ಣದಲ್ಲಿ ಭೂಪಟ, ಬಾವುಟ ಬಿಡಿಸುತ್ತಿದ್ದೆ. ಸಂಜೆ ಆ ಪುಟ್ಟ ಕೈಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಸೀಮೆಎಣ್ಣೆ ಬಟ್ಟೆಯಲ್ಲಿ ನಾನೇ ಒರೆಸುತ್ತಿದ್ದೆ. ಉರಿಯುತ್ತದೆ ಮಿಸ್ ಎಂದರೆ, ಸ್ವಲ್ಪ ತಡಕೊಳ್ಳಪ್ಪ ಅನ್ನುತ್ತಿದ್ದೆ. ಬಿಸಿಯೂಟದ ಕೋಣೆಯಿಂದ ಎರಡು ಚಮಚ ಅಡುಗೆ ಎಣ್ಣೆ ಇಸಿದುಕೊಂಡು, ಕೈಗೆ ಹಚ್ಚಿ ತಿಕ್ಕಿ, ಸೋಪು ಹಾಕಿ ತೊಳೆಸಿದ್ದರೆ ಅದೇ ಬಣ್ಣ ಉರಿಯಿಲ್ಲದೆ ಹೋಗುತ್ತಿತ್ತು. ಆಗ ನನಗೆ ಗೊತ್ತಿರಲಿಲ್ಲ. ಇದನ್ನು ಓದುತ್ತಿರುವ ಡ್ರಾಯಿಂಗ್ ಮೇಷ್ಟ್ರುಗಳೇ, ಟೀಚರುಗಳೇ, ನಿಮ್ಮ ಬೀರುವಿನಲ್ಲಿ ಟರ್ಪೆಂಟೈನ್, ಥಿನ್ನರ್, ಸೀಮೆಎಣ್ಣೆ ಯಾವುದಿದ್ದರೂ ಮಕ್ಕಳ ಕೈಗೆ ಸಿಗದ ಹಾಗೆ ಈ ವಾರವೇ ತೆಗೆದಿಡಿ. ಆ ಜಾಗದಲ್ಲಿ ಒಂದು ಸೀಸೆ ಕಡ್ಲೆಕಾಯಿ ಎಣ್ಣೆ, ಒಂದು ಬಿಲ್ಲೆ ಬಟ್ಟೆ ಸೋಪು ಇಡಿ.